ಗಂಜಿ ಉಣ್ಣುವ ಊರಿನಲ್ಲಿ ಮೂಳೆಯ ಲೆಕ್ಕ

(ಉಡುಪಿ ಹತ್ತಿರದ ಮಹಿಳಾ ಮಂಡಲವೊಂದರ ಆಟಿ ತಿಂಗಳ, ಅಂದರೆ ತುಳುವರ ಮಳೆಗಾಲದ ತಿಂಗಳ, ಕಾರ್ಯಕ್ರಮದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಜೋರು ಮಳೆ, ಒಳಗೆ ಕೆಸುವಿನ ಎಲೆಯ ಪತ್ರೊಡೆಯ ಪರಿಮಳ. ಎರಡರ ನಡುವೆ ನಿಂತು ಆಹಾರ ತಜ್ಞೆಯೊಬ್ಬಳು ಕ್ಯಾಲ್ಸಿಯಂ ಬಗ್ಗೆ ಮಾತಾಡಬೇಕು. ಬೇಗ ಮುಗಿಸುತ್ತೇನೆ ಅಂತ ಸುಳ್ಳು ಹೇಳುವುದಿಲ್ಲ.

ಮೊದಲು ಒಂದು ಪ್ರಶ್ನೆ. ಇಲ್ಲಿ ಯಾರೆಲ್ಲ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುತ್ತೀರಿ? ಕೈ ಎತ್ತಿ. ನೋಡಿ, ಹಿಂದಿನ ಸಾಲು ಹೆಚ್ಚುಕಮ್ಮಿ ಪೂರ್ತಿ ಎತ್ತಿತು. ಯಾಕೆ ತೆಗೆದುಕೊಳ್ಳುತ್ತೀರಿ ಅಂದರೆ ಒಂದೇ ಉತ್ತರ: ಗಂಟು ನೋವು. ಹಾಗಾದರೆ ಅಲ್ಲಿಂದಲೇ ಶುರು ಮಾಡೋಣ.

ವಯಸ್ಸಾದವರ ಗಂಟು ನೋವು ಹೆಚ್ಚಾಗಿ ಬರುವುದು ಕೀಲಿನ ಒಳಗೆ, ಮೂಳೆಗಳ ತುದಿಗೆ ಇರುವ ನುಣುಪಾದ ಮೃದು ಪದರ ಸವೆಯುವುದರಿಂದ. ಆ ಪದರ ಕ್ಯಾಲ್ಸಿಯಂನಿಂದ ಆದದ್ದಲ್ಲ. ಮಾತ್ರೆ ನುಂಗಿದರೆ ಅದು ಮತ್ತೆ ಬೆಳೆಯುವುದೂ ಇಲ್ಲ. ಒಂದಿಷ್ಟು ತೂಕ ಇಳಿಸಿದರೆ, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮಾಡಿದರೆ, ಗಂಟಿಗೆ ಆಗುವ ಉಪಕಾರ ಕ್ಯಾಲ್ಸಿಯಂ ಮಾತ್ರೆಗಿಂತ ಎಷ್ಟೋ ಜಾಸ್ತಿ. ಕ್ಯಾಲ್ಸಿಯಂಗೆ ಸಂಬಂಧಪಟ್ಟ ಕಾಯಿಲೆ ಬೇರೆ. ಮೂಳೆ ಒಳಗೊಳಗೇ ಟೊಳ್ಳಾಗುವುದು, ಆಸ್ಟಿಯೋಪೊರೋಸಿಸ್. ಇದರ ಕೆಟ್ಟ ಗುಣ ಏನೆಂದರೆ, ಇದು ನೋಯುವುದೇ ಇಲ್ಲ. ನೋವಿದ್ದವರು ಮಾತ್ರೆ ನುಂಗುತ್ತಾರೆ, ಮೂಳೆ ಟೊಳ್ಳಾದವರಿಗೆ ಗೊತ್ತೇ ಇರುವುದಿಲ್ಲ. ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಕೈಯೂರಿದಾಗ ಮಣಿಕಟ್ಟು ಮುರಿಯುತ್ತದೆ. ಆಗ ಗೊತ್ತಾಗುತ್ತದೆ. ಅಥವಾ ಬೆನ್ನು ಬಾಗಿ, ಯಾವತ್ತೂ ಸರಿಯಾಗಿ ನಿಲ್ಲುತ್ತಿದ್ದ ಸೀರೆ ನೆಲಕ್ಕೆ ಎಳೆಯಲು ಶುರುವಾಗುತ್ತದೆ. ಸೀರೆ ಉದ್ದವಾದದ್ದಲ್ಲ, ಬೆನ್ನುಮೂಳೆಯ ಬಿಲ್ಲೆಗಳು ಕುಸಿದು ನೀವು ಗಿಡ್ಡವಾದದ್ದು. ಸೊಂಟದ ಮೂಳೆ ಮುರಿದರಂತೂ ಮಲಗಿದವರು ಏಳುವುದೇ ಕಷ್ಟ.

"ನನ್ನ ರಕ್ತದಲ್ಲಿ ಕ್ಯಾಲ್ಸಿಯಂ ನಾರ್ಮಲ್ ಉಂಟು, ರಿಪೋರ್ಟ್ ನೋಡಿ" ಅಂತ ಹಲವರು ತೋರಿಸುತ್ತಾರೆ. ಆ ರಿಪೋರ್ಟಿನಿಂದ ಮೂಳೆಯ ಗತಿ ಗೊತ್ತಾಗುವುದಿಲ್ಲ. ದೊಡ್ಡವರ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ 99 ಪಾಲು ಮೂಳೆ ಮತ್ತು ಹಲ್ಲಿನಲ್ಲಿ. ಉಳಿದ ಒಂದು ಪಾಲಿನಿಂದ ಹೃದಯ ಬಡಿಯಬೇಕು, ಸ್ನಾಯು ಕೆಲಸ ಮಾಡಬೇಕು, ರಕ್ತ ಹೆಪ್ಪುಗಟ್ಟಬೇಕು. ಹಾಗಾಗಿ ರಕ್ತದ ಮಟ್ಟ ಇಳಿಯಲು ದೇಹ ಬಿಡುವುದೇ ಇಲ್ಲ. 100 ಮಿಲಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ, ಅಷ್ಟರೊಳಗೇ ಇಟ್ಟುಕೊಳ್ಳುತ್ತದೆ. ಊಟದಲ್ಲಿ ಬರಲಿಲ್ಲವೋ, ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಇರುವ ನಾಲ್ಕು ಪುಟ್ಟ ಗ್ರಂಥಿಗಳು ಹಾರ್ಮೋನು ಬಿಡುತ್ತವೆ, ಮೂಳೆಯಿಂದ ಕ್ಯಾಲ್ಸಿಯಂ ಹೊರಗೆ ಬರುತ್ತದೆ. ರಕ್ತದ ರಿಪೋರ್ಟ್ ನಾರ್ಮಲ್, ಮೂಳೆ ಖಾಲಿ. ವರ್ಷಗಟ್ಟಲೆ ಹೀಗೇ ನಡೆಯಬಹುದು.

ಉಡುಪಿಯವರಿಗೆ ಇದನ್ನು ಹೇಳಲು ಪಿಗ್ಮಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಲ್ಲೇ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕಿತ್ತು, ಏಜೆಂಟರು ಮನೆ ಬಾಗಿಲಿಗೇ ಬರುತ್ತಿದ್ದರು. ಮೂಳೆಯೂ ದಿನದಿನದ ಚಿಲ್ಲರೆಯನ್ನೇ ಕೂಡಿಡುವುದು. ಕರುಳು ಒಂದು ಸಲಕ್ಕೆ ಚೆನ್ನಾಗಿ ಹೀರಿಕೊಳ್ಳುವುದು ಸುಮಾರು 500 ಮಿಲಿಗ್ರಾಂ ವರೆಗೆ ಮಾತ್ರ. ಅದಕ್ಕಿಂತ ಜಾಸ್ತಿ ಒಟ್ಟಿಗೆ ಕೊಟ್ಟಷ್ಟೂ ದಕ್ಕುವ ಪಾಲು ಕಮ್ಮಿಯಾಗುತ್ತದೆ. ಭಾನುವಾರ ಒಂದು ಲೀಟರ್ ಹಾಲು ಕುಡಿದು ವಾರ ಪೂರ್ತಿ ಸುಮ್ನೆ ಇದ್ದರೆ ನಡೆಯುವುದಿಲ್ಲ. ಇನ್ನೊಂದು ಸಂಗತಿ, ಈ ಖಾತೆಗೆ ಜಮಾ ಮಾಡಲು ಅವಧಿ ಉಂಟು. ಹತ್ತಿರ ಹತ್ತಿರ ಮೂವತ್ತು ವರ್ಷಕ್ಕೆ ಮೂಳೆ ತನ್ನ ಗರಿಷ್ಠ ಗಟ್ಟಿತನ ಮುಟ್ಟುತ್ತದೆ. ಅದರಲ್ಲೂ ಹೆಚ್ಚಿನ ಪಾಲು ಹದಿನೆಂಟು, ಇಪ್ಪತ್ತರೊಳಗೇ ಆಗಿಬಿಡುತ್ತದೆ. ಆಮೇಲೆ ಇದ್ದದ್ದನ್ನು ಉಳಿಸಿಕೊಳ್ಳುವುದಷ್ಟೇ ಕೆಲಸ.

ಹಾಗಾದರೆ ದಿನಕ್ಕೆ ಎಷ್ಟು ಬೇಕು? ನಮ್ಮ ದೇಶಕ್ಕೆ ಲೆಕ್ಕ ಹಾಕಿ ಹೇಳುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅದರ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. 2010ರಲ್ಲಿ ದೊಡ್ಡವರಿಗೆ 600 ಮಿಲಿಗ್ರಾಂ ಸಾಕು ಅಂದಿದ್ದರು. 2020ರಲ್ಲಿ ಅದನ್ನು 1000 ಮಾಡಿದರು. ಮುಟ್ಟು ನಿಂತವರಿಗೆ ಮತ್ತು ಎದೆಹಾಲು ಕೊಡುವ ತಾಯಂದಿರಿಗೆ 1200. ಪುಟ್ಟ ಮಕ್ಕಳಿಗೆ 500ರ ಸುತ್ತ, ಹತ್ತರಿಂದ ಹನ್ನೆರಡು ವರ್ಷದವರಿಗೆ 850, ಹದಿಮೂರು ದಾಟಿದ ಮೇಲೆ 1000 ಮತ್ತು ಸ್ವಲ್ಪ ಮೇಲೆ. ಎಲ್ಲ ನೆನಪಿಡಬೇಡಿ. ಸಾವಿರ ಅಂತ ಇಟ್ಟುಕೊಳ್ಳಿ.

ಹೈಸ್ಕೂಲಿಗೆ ಹೋಗುವ ಮಕ್ಕಳ ಬಗ್ಗೆ ನನಗೆ ಚಿಂತೆ ಜಾಸ್ತಿ. ಹುಡುಗಿಯರು ಹನ್ನೊಂದು, ಹನ್ನೆರಡಕ್ಕೆ, ಹುಡುಗರು ಒಂದೆರಡು ವರ್ಷ ತಡವಾಗಿ, ಸರ್ರನೆ ಉದ್ದವಾಗುವ ಸಮಯ ಇದೆಯಲ್ಲ, ಆ ಎರಡು ವರ್ಷಗಳಲ್ಲಿ ಜೀವಮಾನದ ಮೂಳೆಯ ಸುಮಾರು ಕಾಲು ಭಾಗ ಕೂಡಿಕೊಳ್ಳುತ್ತದೆ. ಸರಿಯಾಗಿ ಆ ಹೊತ್ತಿಗೇ ಅವರು ಹಾಲು ಬಿಡುತ್ತಾರೆ. ಕೆನೆ ಬಂತು, ವಾಸನೆ ಬಂತು, ಚಿಕ್ಕ ಮಕ್ಕಳ ಹಾಗೆ ಹಾಲು ಕುಡಿಯುವುದಾ ಅಂತ ನಾಚಿಕೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದಿಂದ ಶಾಲೆಯಲ್ಲಿ 150 ಮಿಲಿಲೀಟರ್ ಹಾಲು ಸಿಗುತ್ತದೆ. ಅಂದರೆ 170, 180 ಮಿಲಿಗ್ರಾಂ ಕ್ಯಾಲ್ಸಿಯಂ. ದೊಡ್ಡ ಉಪಕಾರ ಅದು. ಆದರೆ ಹತ್ತನೇ ಕ್ಲಾಸಿಗೆ ಮುಗಿಯಿತು. ಪಿಯುಸಿಗೆ ಹೋಗುವ ಮಗಳು ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಅರ್ಧ ದೋಸೆ ತಿಂದು ಓಡುತ್ತಾಳೆ. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ, ಸಂಜೆ ಬೇಕರಿಯ ಪಫ್ಸ್. ಅವಳ ಮೂಳೆಗೆ ಆ ದಿನ ಏನು ಸಿಕ್ಕಿತು?

ಬಸುರಿಯರ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಆಶಾ ಕಾರ್ಯಕರ್ತೆಯರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಮಗುವಿನ ಮೂಳೆಗೆ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಬೇಕು, ಅದರಲ್ಲಿ ಹೆಚ್ಚಿನದು ಕೊನೆಯ ಮೂರು ತಿಂಗಳಲ್ಲಿ. ಸರಕಾರದ ಕ್ರಮದ ಪ್ರಕಾರ 14ನೇ ವಾರದಿಂದ ಹೆರಿಗೆವರೆಗೆ, ಆಮೇಲೆ ಆರು ತಿಂಗಳು, ದಿನಕ್ಕೆ 500 ಮಿಲಿಗ್ರಾಂನ ಎರಡು ಮಾತ್ರೆ. ಕಬ್ಬಿಣದ ಮಾತ್ರೆಯ ಜೊತೆ ಬೇಡ. ಒಂದು ಇನ್ನೊಂದನ್ನು ಒಳಗೆ ಹೋಗಲು ಬಿಡುವುದಿಲ್ಲ. ಬಾಣಂತಿಗೆ ಶೀತ ಅಂತ ಮೊಸರು, ಮಜ್ಜಿಗೆ ನಿಲ್ಲಿಸುವ ಅಜ್ಜಿಯರಿಗೆ ನನ್ನ ಒಂದೇ ಬೇಡಿಕೆ: ನಿಲ್ಲಿಸುವುದಾದರೆ ಬಿಸಿ ಹಾಲನ್ನಾದರೂ ಧಾರಾಳ ಕೊಡಿ.

ಇನ್ನು ಮುಟ್ಟು ನಿಲ್ಲುವ ಕಾಲ. ನಮ್ಮ ದೇಶದಲ್ಲಿ ಸರಾಸರಿ 46, 47ಕ್ಕೆ. ಈಸ್ಟ್ರೋಜನ್ ಎಂಬ ಹಾರ್ಮೋನು ಇರುವಷ್ಟು ದಿನ ಮೂಳೆ ಕರಗುವುದಕ್ಕೆ ತಡೆ ಇರುತ್ತದೆ. ಅದು ಹೋದ ಮೇಲೆ ಮೊದಲ ಐದರಿಂದ ಏಳು ವರ್ಷಗಳಲ್ಲಿ ಕೆಲವರಿಗೆ ಮೂಳೆಯ ಶೇಕಡಾ 20ರವರೆಗೂ ನಷ್ಟವಾಗಬಹುದು. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಇದು ಇನ್ನೂ ಬೇಗ ಶುರು. ಅಂಥವರು ದಯವಿಟ್ಟು ಡಾಕ್ಟರ ಹತ್ತಿರ ಮೂಳೆಯ ವಿಷಯ ಬಾಯಿಬಿಟ್ಟು ಕೇಳಿ.

ಈಗ ನಮ್ಮ ಬಟ್ಟಲಿಗೆ ಬರೋಣ. ನನಗೆ ಹೇಳಲಿಕ್ಕಿರುವುದು ಮುಖ್ಯವಾಗಿ ಇದೇ. ಘಟ್ಟದ ಮೇಲೆ ಮುದ್ದೆ ಉಣ್ಣುವವರಿಗೆ ರಾಗಿಯಿಂದಲೇ ಒಂದು ಪಾಲು ಕ್ಯಾಲ್ಸಿಯಂ ಬರುತ್ತದೆ. ನಮ್ಮದು ಅಕ್ಕಿಯ ಊರು. ಬೆಳಿಗ್ಗೆ ಅಕ್ಕಿಯ ದೋಸೆ, ಹತ್ತು ಗಂಟೆಗೆ ಗಂಜಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿಯೂ ಅನ್ನ. ಕುಚ್ಚಲಕ್ಕಿ ಒಳ್ಳೆಯದು, ಬೇರೆ ಗುಣ ಉಂಟು. ಆದರೆ 100 ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸು. ತೆಂಗಿನಕಾಯಿಯಲ್ಲೂ ಹೇಳಿಕೊಳ್ಳುವಷ್ಟಿಲ್ಲ. ತೆಂಗಿನ ಹಾಲು ಬೆಳ್ಳಗಿದೆ ಅಂತ ಮಕ್ಕಳಿಗೆ ಹಾಲಿನ ಬದಲು ಕೊಡಬೇಡಿ, ಬಣ್ಣ ಒಂದೇ, ಕ್ಯಾಲ್ಸಿಯಂ ಇಲ್ಲ.

ಒಬ್ಬ ಸಾಮಾನ್ಯ ಗೃಹಿಣಿಯ ದಿನ ಲೆಕ್ಕ ಹಾಕೋಣ. ಮೂರು ಹೊತ್ತಿಗೆ 300 ಗ್ರಾಂ ಅಕ್ಕಿ ಅಂದರೆ 30 ಮಿಲಿಗ್ರಾಂ. ಮೂರು ಸಲದ ಚಹಾದಲ್ಲಿ ಒಟ್ಟು 150 ಮಿಲಿಲೀಟರ್ ಹಾಲು ಹೋದರೆ 180. ಒಂದು ಲೋಟ ಮಜ್ಜಿಗೆ, ನಮ್ಮ ಕಡೆಯ ಮಜ್ಜಿಗೆ ಗೊತ್ತಲ್ಲ, ಒಂದು ಪಾಲು ಮೊಸರಿಗೆ ಮೂರು ಪಾಲು ನೀರು, ಅದರಲ್ಲಿ 60. ಬೇಳೆ, ತರಕಾರಿ ಎಲ್ಲ ಸೇರಿ 100 ಅಂತ ಇಟ್ಟುಕೊಳ್ಳಿ. ಕೂಡಿಸಿದರೆ 370. ಬೇಕಾದದ್ದು ಸಾವಿರ. ಹೊಟ್ಟೆ ತುಂಬಿದೆ, ಯಾರೂ ಉಪವಾಸ ಇಲ್ಲ, ಆದರೂ ಅರ್ಧವೂ ಆಗಲಿಲ್ಲ.

ಕೊರತೆ ತುಂಬಲು ಅಂಗಡಿಯ ಪ್ರೋಟೀನ್ ಪೌಡರ್ ಡಬ್ಬ ಬೇಡ ಮಾರಾಯ್ರೆ. ಒಂದು ಲೋಟ ಹಾಲು, 200 ಮಿಲಿಲೀಟರ್, ಅದರಲ್ಲಿ 240. ಗಟ್ಟಿ ಮೊಸರು ಒಂದು ಬಟ್ಟಲು, 180. ರಾಗಿ 50 ಗ್ರಾಂ, ಇನ್ನೊಂದು 180. ಅಲ್ಲಿಗೆ ಸಾವಿರದ ಹತ್ತಿರ ಬಂತು. ರಾಗಿ ಮಣ್ಣಿಯನ್ನು ನಾವು ಹಲ್ಲಿಲ್ಲದ ಮಗುವಿಗೆ ಕೊಡುತ್ತೇವೆ, ಹಲ್ಲು ಬಂದ ಕೂಡಲೇ ನಿಲ್ಲಿಸುತ್ತೇವೆ. ಯಾಕೆ ನಿಲ್ಲಿಸುವುದು? ದೊಡ್ಡವರೂ ತಿನ್ನಬಹುದು. ಅಂಬಲಿ ಮಾಡಿ, ದೋಸೆ ಹಿಟ್ಟಿಗೆ ಸೇರಿಸಿ. ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿಸಿದರೆ ಇನ್ನೂ ಒಳ್ಳೆಯದು, ಕ್ಯಾಲ್ಸಿಯಂ ಹಿಡಿದಿಡುವ ಅಂಶ ಅದರಲ್ಲಿ ಕಮ್ಮಿಯಾಗುತ್ತದೆ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು ಆಗುತ್ತದೆ. ಕೈಯಲ್ಲಿ ಕಡೆಗೋಲು ಹಿಡಿದು ನಿಂತ ದೇವರ ಊರಿನಲ್ಲಿ ಮೊಸರಿನ ಮಹಿಮೆ ನಾನು ಹೇಳಬೇಕಾ? ಕೃಷ್ಣಾಷ್ಟಮಿಗೆ ಮಾಡುವ ಎಳ್ಳುಂಡೆಯೂ ಒಳ್ಳೆಯದೇ. 10 ಗ್ರಾಂ ಎಳ್ಳಿನಲ್ಲಿ 120 ಮಿಲಿಗ್ರಾಂ ದಾಟುತ್ತದೆ. ಆದರೆ ಸಿಪ್ಪೆ ಇರುವ ಎಳ್ಳು ಆಗಬೇಕು. ಪಾಲಿಶ್ ಮಾಡಿದ ಬೆಳ್ಳಗಿನ ಎಳ್ಳಿನಲ್ಲಿ ಕ್ಯಾಲ್ಸಿಯಂ ಹೆಚ್ಚಿನದು ಸಿಪ್ಪೆಯ ಜೊತೆ ಹೋಗಿರುತ್ತದೆ. ಬೇಸಿಗೆಯಲ್ಲಿ ಎಳ್ಳು ಜ್ಯೂಸ್ ಮಾಡುತ್ತೀರಲ್ಲ, ಅದನ್ನು ಸೋಸದೆ ಕುಡಿಯಿರಿ.

ಸೊಪ್ಪಿನಲ್ಲಿ ಸ್ವಲ್ಪ ಬುದ್ಧಿ ಉಪಯೋಗಿಸಬೇಕು. ಹರಿವೆ, ನುಗ್ಗೆ ಎರಡರಲ್ಲೂ 100 ಗ್ರಾಂಗೆ 300 ಮಿಲಿಗ್ರಾಂ ಮೇಲೆ ಉಂಟು. ಆದರೆ ಪಾಲಕ್, ಬಸಳೆ, ಕೆಸುವಿನ ಎಲೆ, ಹರಿವೆಯಲ್ಲೂ ಆಕ್ಸಲೇಟ್ ಎಂಬ ಅಂಶ ಇದೆ. ಕೆಸು ಗಂಟಲು ತುರಿಸುವುದು ಅದರಿಂದಲೇ. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಹೊರಗೆ ಕೊಂಡುಹೋಗುತ್ತದೆ. ಹಾಲಿನ ಕ್ಯಾಲ್ಸಿಯಂನಲ್ಲಿ ಶೇಕಡಾ 30ರಷ್ಟು ಮೈಗೆ ಹತ್ತಿದರೆ ಪಾಲಕ್‌ನಲ್ಲಿ ಹತ್ತುವುದು 5ರಷ್ಟೇ. ಬಸಳೆ ಗಸಿ, ಪತ್ರೊಡೆ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಇವತ್ತು ನನಗೆ ಊಟ ಸಿಗಲಿಕ್ಕಿಲ್ಲ. ಕ್ಯಾಲ್ಸಿಯಂ ಲೆಕ್ಕಕ್ಕೆ ಅವನ್ನು ಹಿಡಿಯಬೇಡಿ ಅಷ್ಟೇ. ನುಗ್ಗೆ ಸೊಪ್ಪು ಆ ಮಟ್ಟಿಗೆ ಒಳ್ಳೆಯದು. ಆಟಿಯಲ್ಲಿ ನುಗ್ಗೆ ತಿನ್ನಬಾರದು ಅನ್ನುವವರು ಉಳಿದ ಹನ್ನೊಂದು ತಿಂಗಳು ತಿನ್ನಬಹುದಲ್ಲ. ಕರಿಬೇವಿನಲ್ಲಿ 100 ಗ್ರಾಂಗೆ 600 ಮೇಲೆ ಉಂಟು, ಆದರೆ ಒಗ್ಗರಣೆಯ ನಾಲ್ಕು ಎಲೆಯನ್ನೂ ಬಟ್ಟಲಿನ ಬದಿಗೆ ಎತ್ತಿಡುತ್ತೇವೆ. ಚಟ್ನಿಪುಡಿ ಮಾಡಿ, ಮಜ್ಜಿಗೆ ಹಾಕಿ ತಂಬುಳಿ ಮಾಡಿ. ಹುರುಳಿಯನ್ನೂ ಮರೆಯಬೇಡಿ, 100 ಗ್ರಾಂ ಕಾಳಿನಲ್ಲಿ 270ರ ಮೇಲೆ. ಬರೀ ಸಾರು ಕುಡಿದು ಕಾಳು ಹಸುವಿಗೆ ಹಾಕಿದರೆ ಕ್ಯಾಲ್ಸಿಯಂ ಹಸುವಿಗೆ.

ಮೀನು ತಿನ್ನುವವರು ನಮ್ಮಲ್ಲಿ ಜಾಸ್ತಿ. ಅಂಜಲ್ ತುಂಡಿನಲ್ಲಿ ಪ್ರೋಟೀನ್ ಉಂಟು, ಕ್ಯಾಲ್ಸಿಯಂ ಅಷ್ಟಿಲ್ಲ. ಕ್ಯಾಲ್ಸಿಯಂ ಇರುವುದು ಮುಳ್ಳಿನಲ್ಲಿ. ಹಾಗಾಗಿ ಮುಳ್ಳು ಸಮೇತ ಅಗಿಯಬಹುದಾದ ಸಣ್ಣ ಮೀನುಗಳೇ ಲಾಭ. ಸಣ್ಣ ಬೂತಾಯಿ, ಬೊಲೆಂಜಿರ್. ಹುಳಿ ಹಾಕಿ ನಿಧಾನಕ್ಕೆ ಬೇಯಿಸಿದರೆ ಮುಳ್ಳು ಮೆತ್ತಗಾಗುತ್ತದೆ. ಬೂತಾಯಿ, ಬಂಗುಡೆಯ ಕೊಬ್ಬಿನಲ್ಲಿ ವಿಟಮಿನ್ ಡಿ ಕೂಡ ಉಂಟು. ಅಗ್ಗದ ಮೀನು ಅಂತ ಮೂಗು ಮುರಿಯುವವರು ನಷ್ಟ ಮಾಡಿಕೊಳ್ಳುತ್ತಾರೆ. ಒಣಮೀನಿಗೆ ಮಾತ್ರ ಮಿತಿ ಇರಲಿ. ಉಪ್ಪು ಜಾಸ್ತಿಯಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುತ್ತದೆ. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಉಪ್ಪಿನಲ್ಲಿ ಹಾಕಿದ ಮಾವು ಎಲ್ಲ ಸೇರಿ ಲೆಕ್ಕ ಏರುತ್ತದೆ. ಕಾಫಿಯಿಂದ ಆಗುವ ನಷ್ಟ ತೀರಾ ಸಣ್ಣದು, ಒಂದೆರಡು ಚಮಚ ಹಾಲು ಅದನ್ನು ತುಂಬಿಕೊಡುತ್ತದೆ.

ಇಷ್ಟೆಲ್ಲ ತಿಂದರೂ ವಿಟಮಿನ್ ಡಿ ಇಲ್ಲದಿದ್ದರೆ ಕರುಳಿನಿಂದ ಒಳಗೆ ಹೋಗುವುದು ಶೇಕಡಾ 10, 15 ಮಾತ್ರ. ಡಿ ಬರುವುದು ಹೆಚ್ಚಾಗಿ ಬಿಸಿಲಿನಿಂದ. ಕರಾವಳಿಯಲ್ಲಿ ಬಿಸಿಲಿಗೆ ಬರವಾ ಅಂತ ಕೇಳುತ್ತೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಎಷ್ಟು ನೋಡುತ್ತೇವೆ? ಉಳಿದ ದಿನ ಸೆಖೆಗೆ ಹೆದರಿ ಒಳಗೆ. ಮುಂಜಾನೆಯ ಎಳೆ ಬಿಸಿಲಿನಲ್ಲಿ ಬೇಕಾದ ಕಿರಣ ಕಮ್ಮಿ, ಹತ್ತೂವರೆ ನಂತರ ಕೈ, ಕಾಲು, ಮುಖಕ್ಕೆ ಸ್ವಲ್ಪ ಹೊತ್ತು ಬಿಸಿಲು ಬೀಳಬೇಕು. ಕಿಟಕಿಯ ಗಾಜಿನ ಒಳಗೆ ಕೂತರೆ ಆ ಕಿರಣ ಬರುವುದಿಲ್ಲ. ಬೀಡಿ ಕಟ್ಟುವ ಅಕ್ಕಂದಿರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. ತಡ್ಪೆ (ಮೊರ) ತೊಡೆಯ ಮೇಲಿಟ್ಟು ದಿನ ಪೂರ್ತಿ ಜಗಲಿಯಲ್ಲಿ ಕೂರುವುದು ಮೂಳೆಗೆ ಎರಡು ರೀತಿ ನಷ್ಟ, ಬಿಸಿಲಿಲ್ಲ, ನಡಿಗೆಯೂ ಇಲ್ಲ. ಮೂಳೆ ಗಟ್ಟಿಯಾಗಲು ಅದರ ಮೇಲೆ ಭಾರ ಬೀಳಬೇಕು. ನಡೆಯುವುದು, ಮೆಟ್ಟಿಲು ಹತ್ತುವುದು, ಕೊಡಪಾನ ಹೊರುವುದು. ಈಜು ಹೃದಯಕ್ಕೆ ಒಳ್ಳೆಯದು, ಮೂಳೆಗೆ ಅಷ್ಟಾಗಿ ಅಲ್ಲ. ಅಂಗಡಿಯ ಹಾಲಿನ ಪ್ಯಾಕೆಟಿನಲ್ಲಿ ನೀಲಿ ಬಣ್ಣದ ಪ್ಲಸ್ ಎಫ್ ಗುರುತು ಇದ್ದರೆ ಎ ಮತ್ತು ಡಿ ಸೇರಿಸಿದ ಹಾಲು ಅಂತ ಅರ್ಥ.

ಮಾತ್ರೆ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಊಟದಿಂದ ಆಗದ ಕೊರತೆಯನ್ನಷ್ಟೇ ಮಾತ್ರೆ ತುಂಬಬೇಕು. ಸಾಮಾನ್ಯವಾಗಿ ಸಿಗುವುದು ಕ್ಯಾಲ್ಸಿಯಂ ಕಾರ್ಬೊನೇಟ್. 1250 ಮಿಲಿಗ್ರಾಂ ಅಂತ ಬರೆದಿದ್ದರೆ ಅದರಲ್ಲಿ ಕ್ಯಾಲ್ಸಿಯಂ 500. ಇದನ್ನು ಊಟದ ಜೊತೆಗೇ ನುಂಗಬೇಕು, ಕರಗಲು ಹೊಟ್ಟೆಯ ಆಮ್ಲ ಬೇಕು. ಗ್ಯಾಸ್ಟ್ರಿಕ್‌ನ ಮಾತ್ರೆ ನಿತ್ಯ ತೆಗೆದುಕೊಳ್ಳುವವರಿಗೆ ಇದು ಸರಿಯಾಗಿ ಹತ್ತುವುದಿಲ್ಲ, ಅವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ಆಗಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗುವವರು ಕ್ಯಾಲ್ಸಿಯಂಗೆ ನಾಲ್ಕು ಗಂಟೆ ಅಂತರ ಬಿಡಿ. ಡಿ ವಿಟಮಿನ್‌ನ 60,000 ಯೂನಿಟ್‌ನ ಪೊಟ್ಟಣ ಡಾಕ್ಟರು ಎಂಟು ವಾರಕ್ಕೆ ಬರೆದರೆ ಎಂಟೇ ವಾರ. ಚೀಟಿ ಹಳತಾದರೂ ಮೆಡಿಕಲ್‌ನಿಂದ ತರಿಸಿ ತಿನ್ನುತ್ತಾ ಹೋದರೆ ಅದು ಕೊಬ್ಬಿನಲ್ಲಿ ಉಳಿದು, ರಕ್ತದ ಕ್ಯಾಲ್ಸಿಯಂ ಏರಿ, ಕಿಡ್ನಿಗೆ ಪೆಟ್ಟಾಗಬಹುದು.

ಇನ್ನು ಬಂದ ಪ್ರಶ್ನೆಗಳು.

ಒಬ್ಬರು ಅಮ್ಮ ಕೇಳಿದರು, ಗೋಧಿ ಕಾಳಿನಷ್ಟು ಸುಣ್ಣವನ್ನು ಮಜ್ಜಿಗೆಗೆ ಹಾಕಿ ಕುಡಿದರೆ ಆಗುವುದಿಲ್ಲವಾ, ವಾಟ್ಸಾಪಿನಲ್ಲಿ ಬಂದಿತ್ತು ಅಂತ. ನಮ್ಮ ಹೊಳೆಯ ಮರುವಾಯಿ ಚಿಪ್ಪೂ ಕ್ಯಾಲ್ಸಿಯಂ ಕಾರ್ಬೊನೇಟೇ, ಅದನ್ನೇ ಸುಟ್ಟು ಸುಣ್ಣ ಮಾಡುವುದು. ಆದರೆ ಸುಟ್ಟ ಸುಣ್ಣ ಬಾಯಿ, ಅನ್ನನಾಳ ಸುಡುತ್ತದೆ, ಅದರಲ್ಲಿ ಬೇರೆ ಏನು ಸೇರಿದೆ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಬೇಡ. ವೀಳ್ಯದ ಸುಣ್ಣದಿಂದ ಸಿಗುತ್ತದಲ್ಲ ಅಂತ ಪಕ್ಕದವರು ಹೇಳಿದರು. ಸ್ವಲ್ಪ ಸಿಗಬಹುದು, ಜೊತೆಗೆ ಅಡಿಕೆ ಉಂಟು, ಹಲವರಿಗೆ ಹೊಗೆಸೊಪ್ಪೂ ಉಂಟು. ಬಾಯಿಯ ಕ್ಯಾನ್ಸರ್ ಅಪಾಯ ತಂದುಕೊಂಡು ಮೂಳೆ ಗಟ್ಟಿ ಮಾಡುವುದು ಯಾವ ಲೆಕ್ಕ?

ಕಿಡ್ನಿಯಲ್ಲಿ ಕಲ್ಲು ಇದ್ದವರು ಹಾಲು ಬಿಡಬೇಕಾ? ಬಿಡಬಾರದು. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಹಾಕುತ್ತದೆ, ಕಲ್ಲಿನ ಅಪಾಯ ಕಮ್ಮಿಯೇ ಆಗುತ್ತದೆ. ಮಾತ್ರೆಯ ಕಥೆ ಬೇರೆ. ಅಮೆರಿಕದಲ್ಲಿ 36,282 ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಕ್ಯಾಲ್ಸಿಯಂ ಮತ್ತು ಡಿ ಮಾತ್ರೆ ತಿಂದವರಲ್ಲಿ ಕಲ್ಲು ಶೇಕಡಾ 17ರಷ್ಟು ಜಾಸ್ತಿ ಕಂಡಿತು. ಹಾಗಾಗಿ ಕಲ್ಲು ಬಂದಿದ್ದವರು ಡಾಕ್ಟರನ್ನು ಕೇಳದೆ ಮಾತ್ರೆ ಶುರು ಮಾಡಬೇಡಿ.

ಚಾತುರ್ಮಾಸ್ಯ ವ್ರತ ಮಾಡುವವರ ಪ್ರಶ್ನೆ ಒಂದಿತ್ತು, ಹಾಲು ಮೊಸರು ಬಿಟ್ಟರೆ ಹೇಗೆ ಅಂತ. ವ್ರತದ ಕ್ರಮ ನೋಡಿ. ದಧಿ ವ್ರತದ ತಿಂಗಳಲ್ಲಿ ಮೊಸರಿಲ್ಲ, ಹಾಲು ಉಂಟು. ಕ್ಷೀರ ವ್ರತದ ತಿಂಗಳಲ್ಲಿ ಹಾಲಿಲ್ಲ, ಮೊಸರು ಉಂಟು. ಒಂದು ಬಿಟ್ಟಾಗ ಇನ್ನೊಂದನ್ನು ಜಾಸ್ತಿ ಮಾಡಿ, ತೊಂದರೆಯಿಲ್ಲ.

ಶಿಬಿರಗಳಲ್ಲಿ ಹಿಮ್ಮಡಿ ಮೇಲೆ ಯಂತ್ರ ಇಟ್ಟು ಮೂಳೆ ನೋಡುತ್ತಾರಲ್ಲ, ಅದು ಸರಿಯಾ? ಅದು ಮೊದಲ ಅಂದಾಜು ಮಾತ್ರ. ನಿಶ್ಚಯ ಮಾಡಲು ಸೊಂಟ ಮತ್ತು ಬೆನ್ನಿನ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕು. ಅದರಲ್ಲಿ ಟಿ ಸ್ಕೋರ್, ಅಂದರೆ ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೋಪೊರೋಸಿಸ್. ಆ ಹಂತಕ್ಕೆ ಬಂದವರಿಗೆ ಬರೀ ಕ್ಯಾಲ್ಸಿಯಂ ಸಾಲದು, ಮೂಳೆ ಕರಗುವುದನ್ನು ತಡೆಯುವ ಔಷಧಿ ಬೇಕು. ವಾರಕ್ಕೊಮ್ಮೆ ನುಂಗುವ ಮಾತ್ರೆಯೂ ಇದೆ, ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ನೂ ಇದೆ.

ಕೊನೆಗೆ ಮೈಕ್ ಹಾಕಲು ಬಂದಿದ್ದ ಅಣ್ಣ ಕೇಳಿದರು, ಇದೆಲ್ಲ ಹೆಂಗಸರಿಗೆ ಮಾತ್ರವಾ ಅಂತ. ಅಲ್ಲ. ಗಂಡಸರಿಗೆ ನಷ್ಟ ನಿಧಾನ, ಎಪ್ಪತ್ತರ ಹೊತ್ತಿಗೆ ಅವರೂ ಅಲ್ಲಿಗೇ ಬರುತ್ತಾರೆ. ಸೊಂಟ ಮುರಿದ ಮೇಲೆ ವರ್ಷದೊಳಗೆ ಸಾಯುವವರಲ್ಲಿ ಗಂಡಸರ ಪ್ರಮಾಣವೇ ಹೆಚ್ಚು. ಬೀಡಿ ಸಿಗರೇಟು, ಕುಡಿತ ಎರಡೂ ಮೂಳೆ ತಿನ್ನುತ್ತವೆ. ಇನ್ನೊಂದು ಕಳ್ಳ ಇದೆ, ಸ್ಟೀರಾಯ್ಡ್. ಉಬ್ಬಸಕ್ಕೆ, ಗಂಟು ನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ ತಿಂದು "ಮಂತ್ರ ಹಾಕಿದ ಹಾಗೆ ವಾಸಿಯಾಯಿತು" ಅನ್ನುವವರು ಇದ್ದಾರೆ. ಅಂಥ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಮೂರು ತಿಂಗಳಿಗಿಂತ ಜಾಸ್ತಿ ದಿನ ಅದು ಹೊಟ್ಟೆಗೆ ಹೋಗುತ್ತಿದ್ದರೆ ಮೂಳೆ ಟೊಳ್ಳಾಗುತ್ತಾ ಇರುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ತಿನ್ನುತ್ತಿದ್ದರೆ ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಗಾಬರಿಯಾಗಿ ನೀವೇ ನಿಲ್ಲಿಸಬೇಡಿ, ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ.